ಎಡಗಡೆಯ ಸ್ಪ್ರಿಂಗು

“ಇದೇನಿದು, ಡಿಕ್ಕಿ ತುಂಬ ಕಬ್ಬಿಣ!” ಎನ್ನುತ್ತ ಅಳಿಯ ಕಾರಿನ ಹಿಂಭಾಗಕ್ಕೆ ಬಗ್ಗಿ, ಜಿಡ್ಡು ಮೆತ್ತಿದ ಎರಡು ದಪ್ಪ ಸ್ಪ್ರಿಂಗುಗಳನ್ನು ಹೊರಗೆಳೆದ. ಹೂವಿನ ಬುಟ್ಟಿಗಳನ್ನು ಇಡಲು ಜಾಗ ಬೇಕಿತ್ತು. ಅವನ್ನು ಕಾಂಪೌಂಡಿನ ಪಕ್ಕ ಜೋಡಿಯಾಗಿ ನಿಲ್ಲಿಸಿ, ಕೈ ಎಲ್ಲಿ ಒರೆಸಿಕೊಳ್ಳುವುದೆಂದು ತಿಳಿಯದೆ ಸುತ್ತ ನೋಡಿದ.

“ಅವು ಬಿಚ್ಚಿದ್ದು ಸಾರ್, ಹಳೇವು,” ಎಂದು ಮೆಕ್ಯಾನಿಕ್ ಸೊಂಟದ ಬಟ್ಟೆ ತೆಗೆದುಕೊಟ್ಟ. “ಬಿಚ್ಚಿದ ಸಾಮಾನು ಓನರಿಗೇ ವಾಪಸ್ ಕೊಡೋದು ನಮ್ಮ ಗ್ಯಾರೇಜಿನ ಪದ್ಧತಿ. ಇಲ್ಲಾಂದ್ರೆ ಹೊಸದು ಹಾಕೇ ಇಲ್ಲ ಅಂತಾರೆ ಜನ. ಕನ್ನಡಕದಣ್ಣ ಮಾತ್ರ ‘ಇವನ್ನ ನೀನೇ ಗುಜರಿಗೆ ಹಾಕ್ಬಿಡು ಮಾರಾಯ, ಮನೆಗೆ ಬೇಡ’ ಅಂದಿದ್ರು. ಕೈ ಅಭ್ಯಾಸ ನೋಡಿ, ಮರೆತು ಡಿಕ್ಕಿಗೇ ಹಾಕಿದೀನಿ.”

ಕನ್ನಡಕದಣ್ಣನ ಹೆಂಡತಿ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಗಂಡನ ತಲೆಯ ಹತ್ತಿರ ಕೂತು ಕೂತು ಕಾಲು ಜೋಮು ಹಿಡಿದು, ಈಗಷ್ಟೇ ಹೊರಗೆ ಬಂದಿದ್ದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದವನು ನಿನ್ನೆ ಮಧ್ಯಾಹ್ನ ಸ್ಟೂಲಿನ ಮೇಲೆ ಕೂತ ಹಾಗೇ ಪಕ್ಕಕ್ಕೆ ವಾಲಿ ಜೀವ ಬಿಟ್ಟಿದ್ದ. ಕಾರು ಆಗ ರಿಪೇರಿಗೆ ಹೋಗಿತ್ತು. ಸುದ್ದಿ ಕೇಳಿದ ಮೆಕ್ಯಾನಿಕ್ ಉಳಿದ ಕೆಲಸ ಮುಗಿಸಿ, ತೊಳೆದು, ಇವತ್ತು ಬೆಳಿಗ್ಗೆ ತಾನೇ ಓಡಿಸಿಕೊಂಡು ಬಂದಿದ್ದ. ಗೇಟಿನ ಮುಂದೆ ಅದು ನಿಂತಾಗ ಆಕೆಗೆ ಗುರುತೇ ಸಿಗಲಿಲ್ಲ. ಬೀದಿಯವರೆಲ್ಲ ‘ಕಾವಿಗೆ ಕೂತ ಕೋಳಿ’ ಎಂದು ಆಡಿಕೊಳ್ಳುತ್ತಿದ್ದ ಕಾರು ಅದು. ಈಗ ಹಿಂದುಗಡೆ ಎತ್ತಿಕೊಂಡು, ಮದುವೆಗೆ ಹೊರಟ ಹಾಗೆ ನೆಟ್ಟಗೆ ನಿಂತಿತ್ತು.

ಆಕೆಯ ಕಣ್ಣು ಮಾತ್ರ ಆ ಜೋಡಿಯ ಮೇಲಿತ್ತು. ಒಂದು ಇನ್ನೊಂದಕ್ಕಿಂತ ಎರಡು ಬೆರಳು ಗಿಡ್ಡ.

“ಅದ್ಯಾಕೆ ಗಿಡ್ಡ?” ಎಂದು ಕೇಳಿದಳು. ಹೆಣದ ಮನೆಯಲ್ಲಿ ಕೇಳುವ ಮಾತಲ್ಲ. ಆದರೆ ಬೆಳಗಿನಿಂದ ಸಮಾಧಾನದ ಮಾತು ಕೇಳಿ ಕೇಳಿ ಸುಸ್ತಾಗಿತ್ತು.

ಕೆಲಸದ ಮಾತು ಬಂದದ್ದೇ ಮೆಕ್ಯಾನಿಕ್‌ಗೆ ಜೀವ ಬಂತು. “ಅದು ಎಡಗಡೇದು ಅಕ್ಕ. ಎರಡೂ ಕೂತಿದ್ವು, ಇದು ಪೂರ್ತಿ ಮಲಗೇಬಿಟ್ಟಿತ್ತು. ಒಬ್ರೇ ಓಡಿಸೋ ಗಾಡೀಲಿ ಹಿಂಗಾಗಲ್ಲ. ದಿನಾ ಎಡಗಡೆ ಅಷ್ಟು ಭಾರ ಬಿದ್ರೆ ಕಬ್ಬಿಣವಾದ್ರೂ ಏನು ಮಾಡುತ್ತೆ ಹೇಳಿ?”

“ಯಾವ ಭಾರ?”

“ಅದೇ, ಹಿಂದೆ ಕೂರೋರು. ಅವರ ಅಣ್ಣ.” ಮೆಕ್ಯಾನಿಕ್ ಸ್ಪ್ರಿಂಗನ್ನು ಕಾಲಿನಿಂದ ಮೆಲ್ಲಗೆ ತಿವಿದ. “ಇವನ್ನ ಬದಲಾಯಿಸಿದ್ದೇ ಅವರಿಗೋಸ್ಕರ. ‘ಹಂಪ್ ಬಂದಾಗ ಅಣ್ಣನ ಸೊಂಟಕ್ಕೆ ಏಟು ಬೀಳುತ್ತೆ. ಒಂದು ಕಾಲಿಲ್ಲದೋರು, ಇಳಿದು ನಡೀರಿ ಅನ್ನೋಕಾಗುತ್ತಾ’ ಅಂತಿದ್ರು. ನಿಮಗೆ ಗೊತ್ತಲ್ವಾ ಅಕ್ಕ?”

“ಗೊತ್ತು,” ಎಂದಳು ಆಕೆ.

ಗೊತ್ತಿರಲಿಲ್ಲ.

*

ಮಗಳು ಇನ್ನೂ ತೊದಲು ಮಾತಾಡುತ್ತಿದ್ದ ಕಾಲ. ಎಲ್ಲರೂ ಒಂದೇ ಮನೆಯಲ್ಲಿದ್ದರು. ಭಾವನ ಮಾತೇ ಮನೆಗೆ ಮಾತು. ಆಕೆಯ ಅಪ್ಪ ಕೆಮ್ಮು ಹತ್ತಿಸಿಕೊಂಡು ಆಸ್ಪತ್ರೆಗೆಂದು ಬಂದವರು ನಡುಮನೆಯಲ್ಲಿ ಮಲಗಿದ್ದರು. ಒಂದು ವಾರ ಕಳೆಯುವಷ್ಟರಲ್ಲಿ ಭಾವನ ಸಹನೆ ಮುಗಿಯಿತು. ಒಂದು ಸಂಜೆ ಅಪ್ಪ ಬಚ್ಚಲಿಗೆ ಹೋಗಿದ್ದಾಗ ಅವರ ಹಾಸಿಗೆಯನ್ನು ಸುತ್ತಿ ತಂದು ಬಾಗಿಲ ಹೊರಗೆ ಹಾಕಿ, “ಇದೇನು ಛತ್ರ ಅಲ್ಲ,” ಎಂದ. ಅಪ್ಪ ಬಚ್ಚಲಿನಿಂದ ಬಂದರು. ಸುತ್ತಿದ ಹಾಸಿಗೆಯ ಮೇಲೇ ಹೊರಗೆ ರಾತ್ರಿ ಕಳೆದು, ಬೆಳಿಗ್ಗೆ ಮೊದಲ ಬಸ್ಸು ಹಿಡಿದರು. ಊರು ಬಂದರೂ ಇಳಿಯಲಿಲ್ಲವೆಂದು ಕಂಡಕ್ಟರ್ ಭುಜ ಅಲ್ಲಾಡಿಸಿದಾಗ ಅವರ ಮೈ ತಣ್ಣಗಾಗಿತ್ತು.

ಅಪ್ಪನ ಕೆಲಸ ಮುಗಿಸಿ ಬಂದವಳು ಗಂಡನೆದುರು ನಿಂತು ಅಳಲಿಲ್ಲ. “ಅವರು ಬೇಕೋ ನಾನು ಬೇಕೋ, ಈಗಲೇ ಹೇಳಿ,” ಎಂದಳು. ಎಂದೂ ಅಣ್ಣನ ಮಾತು ಮೀರದಿದ್ದ ಪುಕ್ಕಲು ಮನುಷ್ಯ ಆತ. ಅವತ್ತು ಮಾತ್ರ ಆಕೆಯ ತಲೆಯ ಮೇಲೆ ಕೈಯಿಟ್ಟು, “ಇನ್ನು ಆ ಮುಖ ನೋಡಲ್ಲ. ನಿನ್ನಾಣೆ,” ಎಂದ. ಅದೇ ವಾರ ಈ ಬಾಡಿಗೆ ಮನೆಗೆ ಬಂದರು.

ಆ ಒಂದು ಮಾತಿನ ಮೇಲೆ ಆಕೆ ಸಂಸಾರ ಕಟ್ಟಿದ್ದಳು. ಗಂಡನ ಗೊರಕೆ, ಮರೆವು, ಯಾರು ಏನು ಕೇಳಿದರೂ ‘ಆಯ್ತು’ ಎನ್ನುವ ಮೆತ್ತಗಿನ ಸ್ವಭಾವ ಎಲ್ಲವನ್ನೂ ಅದಕ್ಕೆ ಜಮಾ ಹಾಕಿ ಮನ್ನಿಸಿದ್ದಳು. ಅಕ್ಕಪಕ್ಕದ ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು ಬೈಯುತ್ತ ಕೂತಾಗ, “ನಮ್ಮನೆಯವರು ಹೇಗಾದ್ರೂ ಇರಲಿ, ಮಾತು ಕೊಟ್ಟರೆ ಕೊಟ್ಟ ಹಾಗೆ,” ಎನ್ನುತ್ತಿದ್ದಳು. ಹೇಳುವಾಗ ಆಕೆಯ ಬೆನ್ನು ತಾನಾಗೇ ನೆಟ್ಟಗಾಗುತ್ತಿತ್ತು.

*

ಅಡುಗೆಮನೆಯಲ್ಲಿ ಮಗಳು ಬಂದವರಿಗೆಂದು ಚಹಾ ಸೋಸುತ್ತಿದ್ದಳು. ಆಕೆ ಹೋಗಿ ಅವಳ ಪಕ್ಕ ನಿಂತಳು.

“ನಿಮ್ಮಪ್ಪ ಬೆಳಿಗ್ಗೆ ಬೇಗ ಯಾಕೆ ಹೊರಡ್ತಿದ್ರು?”

“ಟ್ರಾಫಿಕ್ ಅಂತ...” ಮಗಳು ತಲೆ ಎತ್ತಿ ಅಮ್ಮನ ಮುಖ ನೋಡಿದಳು. ಜರಡಿ ಹಿಡಿದ ಕೈ ಅಲ್ಲೇ ನಿಂತಿತು. “ಯಾರು ಹೇಳಿದ್ರು ನಿಂಗೆ?”

ಅಷ್ಟು ಸಾಕಾಗಿತ್ತು. ಬೇರೆ ಉತ್ತರ ಬೇಕಿರಲಿಲ್ಲ.

“ದೊಡ್ಡಪ್ಪನ ಕಾಲು ತೆಗೆದ ಮೇಲೆ ಶುರುವಾಯ್ತಮ್ಮ. ದೊಡ್ಡಮ್ಮನೂ ತೀರಿಹೋಗಿದ್ರು. ಮರದ ಡಿಪೋದಲ್ಲಿ ಬಿಲ್ ಬರೆಯೋ ಕೆಲಸ ಒಂದಿತ್ತು, ಅಲ್ಲಿಗೆ ಹೋಗೋಕೆ ಬರೋಕೆ ಯಾರೂ ಇರ್ಲಿಲ್ಲ. ಅಪ್ಪ ದಿನಾ ಬಿಟ್ಟು, ಸಂಜೆ ವಾಪಸ್...”

“ನಿಂಗೆ ಯಾವಾಗಿಂದ ಗೊತ್ತು?”

“ಕಾಲೇಜಿಗೆ ಹೋಗ್ತಿದ್ದಾಗಿಂದ. ಒಂದೊಂದು ಸಲ ನಾನೂ ಅದೇ ಕಾರಲ್ಲಿ...” ಮಗಳು ಜರಡಿ ಕೆಳಗಿಟ್ಟಳು. “ನೀನು ನೊಂದ್ಕೊತೀಯ ಅಂತ ಹೇಳ್ಬೇಡ ಅಂದಿದ್ರು ಅಪ್ಪ.”

“ನೊಂದ್ಕೊತೀನಿ ಅಂತ!” ಆಕೆ ನಕ್ಕಳು. ಕೆಟ್ಟ ನಗು. “ಮೆಕ್ಯಾನಿಕ್‌ಗೆ ಗೊತ್ತು, ನಿಂಗೆ ಗೊತ್ತು, ನಿನ್ನ ಗಂಡನಿಗೂ ಗೊತ್ತಿರುತ್ತೆ. ಊರೆಲ್ಲ ಸೇರಿ ನನ್ನ ಕಿವಿ ಮೇಲೆ ಹೂವಿಟ್ಟಿದೀರಲ್ಲೇ. ನಾನು ಅದನ್ನೇ ಮುಡ್ಕೊಂಡು ಮೆರೀತಿದ್ದೆ.”

“ಅಮ್ಮಾ, ಅಪ್ಪ ಒಳಗೆ ಮಲಗಿದಾರೆ. ಇವತ್ತು ಬೇಡ.”

“ಇವತ್ತಲ್ಲದೆ ಇನ್ಯಾವತ್ತೇ? ನಾಳೆ ಯಾರನ್ನ ಕೇಳ್ಲಿ?”

ಒಲೆಯ ಮೇಲಿದ್ದ ಇನ್ನೊಂದು ಪಾತ್ರೆಯಿಂದ ಚಹಾ ಉಕ್ಕಿ ಹರಿಯಿತು. ಇಬ್ಬರೂ ಅದನ್ನು ನೋಡುತ್ತ ನಿಂತರು.

*

ಆಕೆಗೆ ಆ ಕ್ಷಣ ನೆನಪಾದದ್ದು ಆಣೆಯಲ್ಲ, ಹಂಪ್.

ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವಾಗಲೇ ಆ ಕಾರಿನ ಹಿಂದುಗಡೆ ತಗ್ಗು. ಬರಬರುತ್ತ ಇನ್ನೂ ಕುಸಿಯಿತು. ಬೀದಿಯ ತುದಿಯ ದೊಡ್ಡ ರಸ್ತೆಯಲ್ಲಿ ಯಾರೋ ಪುಣ್ಯಾತ್ಮರು ಆಳೆತ್ತರದ ಹಂಪ್ ಹಾಕಿಸಿದ್ದರು. ಆಳೆತ್ತರ ಎಂದು ಆಕೆ ಹೇಳುವುದು, ಮೊಣಕಾಲಿಗೂ ಬರುತ್ತಿರಲಿಲ್ಲ. ಅಲ್ಲಿ ಬಂದಾಗಲೆಲ್ಲ ಗಂಡ ಕಾರು ನಿಲ್ಲಿಸಿ, “ಸ್ವಲ್ಪ ಇಳೀತೀಯಾ? ಸೈಲೆನ್ಸರ್ ತಾಗುತ್ತೆ,” ಎನ್ನುತ್ತಿದ್ದ. ಆಕೆ ಇಳಿದು ಹಂಪ್ ದಾಟುತ್ತಿದ್ದಳು, ಕಾರು ಅಡ್ಡಡ್ಡವಾಗಿ ತೆವಳುತ್ತ ಬರುತ್ತಿತ್ತು, ಆಮೇಲೆ ಮತ್ತೆ ಹತ್ತುತ್ತಿದ್ದಳು. ಮದುವೆ ಮನೆಗೆ ರೇಷ್ಮೆ ಸೀರೆ ಉಟ್ಟು ಹೊರಟಾಗಲೂ, ಜ್ವರ ಬಂದು ಡಾಕ್ಟರ ಹತ್ತಿರ ಹೊರಟಾಗಲೂ. ಪಕ್ಕದ ಮನೆಯಾಕೆ, “ಏನ್ರೀ, ಕಾರಿನವರು ನಡ್ಕೊಂಡು ಹೊರಟ್ರಿ?” ಎಂದು ಛೇಡಿಸಿದರೆ, “ಕಾರಿಗೆ ವಯಸ್ಸಾಗಿದೆ, ನನಗಾಗಿಲ್ಲ,” ಎಂದು ತಿರುಗಿಸಿ ಕೊಡುತ್ತಿದ್ದಳು.

“ಸ್ಪ್ರಿಂಗು ಬದಲಾಯಿಸಿದ್ರೆ ಸರಿ ಹೋಗುತ್ತಂತಲ್ಲ,” ಎಂದು ಒಮ್ಮೆ ಕೇಳಿದ್ದಳು.

“ಹಳೇ ಗಾಡಿಗೆ ಅದೆಲ್ಲ ಯಾಕೆ? ಇರೋವರೆಗೆ ಇರ್ಲಿ ಬಿಡು.”

“ನಾನು ಇಳಿದೇ ನಡೀತೀನಿ. ಆದ್ರೂ ಸೈಲೆನ್ಸರ್ ಮತ್ತೆ ಮತ್ತೆ ಒಡೆಯೋದು ಹೇಗೆ?”

ಗಂಡ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಉಜ್ಜಿದ್ದ. ಉಜ್ಜುವುದು ಅವನ ಕಸುಬು. ಆಕೆ ಬೇರೇನೂ ಯೋಚಿಸಲಿಲ್ಲ. “ಹಳೇದಲ್ವಾ,” ಎಂದಿದ್ದ. “ಉಸಿರು ಬಿಟ್ರೂ ಒಡೆಯುತ್ತೆ.”

*

ಹೆಣ ಸಾಗಿಸುವ ವ್ಯಾನು ಬಂದ ಹಿಂದೆಯೇ ಒಂದು ಸಾಮಾನಿನ ಟೆಂಪೋ ಬಂತು. ಮರದ ಡಿಪೋದ್ದು. ಅದರ ಮುಂಭಾಗದಿಂದ ಇಬ್ಬರು ಸೇರಿ ಭಾವನನ್ನು ಇಳಿಸಿದರು. ಆನೆಯಂಥ ದೇಹ, ಕಂಕುಳಲ್ಲಿ ಊರುಗೋಲು, ಒಂದು ಮಂಡಿಯ ಕೆಳಗೆ ಮಡಚಿ ಪಿನ್ನು ಹಾಕಿದ ಪ್ಯಾಂಟು. ಗೇಟಿನ ಹತ್ತಿರವಿದ್ದವರು ದಾರಿ ಬಿಟ್ಟು ಸರಿದು, ಎಲ್ಲರೂ ಆಕೆಯ ಮುಖ ನೋಡಿದರು. ಹಳೆಯ ಕತೆ ಎಲ್ಲರಿಗೂ ಗೊತ್ತಿತ್ತು. ಆಕೆ ಬೇಡ ಎಂದರೆ ಗೇಟಿನಿಂದಲೇ ವಾಪಸ್ಸು ಕಳಿಸಲು ಅಳಿಯನೂ ತಯಾರಾಗಿದ್ದ.

ಆಕೆ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಭಾವ ಒಳಗೆ ಹೋದ. ತಮ್ಮನ ಪಾದದ ಹತ್ತಿರ ಊರುಗೋಲು ಊರಿ ನಿಂತು, ಬಗ್ಗಲಾಗದೆ, ಬಾಯಿಗೆ ಟವೆಲು ಒತ್ತಿ ಅತ್ತ. ಮಗುವಿನ ಹಾಗೆ ಮೈಯೆಲ್ಲ ಅಲುಗಿಸಿಕೊಂಡು ಅತ್ತ. ಆಕೆಗೆ ಕನಿಕರ ಬರಲಿಲ್ಲ. ಹೊಟ್ಟೆ ಉರಿಯಿತು. ತನಗಿಂತ ಹೆಚ್ಚು ಕಳಕೊಂಡವನ ಹಾಗೆ ಅಳುತ್ತಿದ್ದಾನಲ್ಲ, ದಿನಾ ಬೆಳಿಗ್ಗೆ ಗಂಡನ ಮೊದಲ ಮಾತು, ಸಂಜೆಯ ಕೊನೆಯ ಸುದ್ದಿ ಇವನಿಗೇ ಸಿಕ್ಕಿತ್ತಲ್ಲ.

ಹೆಣವನ್ನು ವ್ಯಾನಿಗೆ ಏರಿಸಿದರು. ಮಗಳು, ಅಳಿಯ ಅದರಲ್ಲೇ ಹತ್ತಿದರು. ಉಳಿದವರು ನಡೆದು ಹೊರಟರು. ಟೆಂಪೋ ಆಗಲೇ ಹೋಗಿಯಾಗಿತ್ತು.

“ಭಾವನವರು ಹೇಗೆ ಬರ್ತಾರೆ?” ಎಂದು ಪಕ್ಕದ ಮನೆಯಾಕೆ ಮೆಲ್ಲಗೆ ಕೇಳಿದಳು.

ಯಾರೂ ಉತ್ತರ ಕೊಡುವ ಮೊದಲೇ ಭಾವ ಕುಂಟುತ್ತ ಕಾರಿನ ಹತ್ತಿರ ಹೋಗಿದ್ದ. ಅದರ ಎಡಗಡೆಯ ಹಿಂಬಾಗಿಲು ಸಲೀಸಾಗಿ ತೆರೆಯುತ್ತಿರಲಿಲ್ಲ. ಆಕೆ ಎಷ್ಟೋ ಸಲ ಎಳೆದಾಡಿ ಸೋತು ಬಿಟ್ಟಿದ್ದಳು. ಭಾವ ಅತ್ತ ನೋಡಲೂ ಇಲ್ಲ. ಹಿಡಿಯನ್ನು ಎತ್ತಿ, ಬಾಗಿಲಿಗೆ ಸೊಂಟದಿಂದ ಒಂದು ಗುದ್ದು ಕೊಟ್ಟ. ಅದು ತೆರೆದುಕೊಂಡಿತು. ಮೊದಲು ಊರುಗೋಲು ಒಳಗಿಟ್ಟು, ಆಮೇಲೆ ತಾನು ಹಿಂದುಹಿಂದಾಗಿ ಕೂತ. ಹೊಸ ಸ್ಪ್ರಿಂಗು ಕಿರ್ರೆನ್ನಲಿಲ್ಲ.

ಆಕೆ ಹೋಗಿ ಮುಂದಿನ ಸೀಟಿನಲ್ಲಿ ಕೂತಳು. ಮೆಕ್ಯಾನಿಕ್ ಕಾರು ಹೊರಡಿಸಿದ. ಮುಂದೆ ವ್ಯಾನು, ಅದರ ಹಿಂದೆ ನಡೆಯುವವರು, ಅವರ ಹಿಂದೆ ಮೆಲ್ಲಗೆ ಕಾರು.

“ನಾನೇ ಬೇಡ ಅಂದಿದ್ದೆ ಕಣಮ್ಮ,” ಎಂದ ಭಾವ ಹಿಂದಿನಿಂದ. “ಅವನು ಕೇಳಲಿಲ್ಲ.”

“ನಮ್ಮಪ್ಪನ ಹಾಸಿಗೆ ನೆನಪಿದ್ಯಾ ನಿಮಗೆ?” ಆಕೆ ತಿರುಗಲಿಲ್ಲ.

ಭಾವ ಊರುಗೋಲನ್ನು ಮಡಿಲಿಗೆ ಎಳೆದುಕೊಂಡ. “ಇದೆ. ನನ್ನ ತಪ್ಪು. ಕಾಲು ಹೋದಾಗ ಅದೇ ಪಾಪ ಅಂದ್ಕೊಂಡೆ.”

“ನಿಮ್ಮ ತಪ್ಪು ನನಗೆ ಯಾವಾಗ್ಲೂ ಗೊತ್ತಿತ್ತು ಭಾವ. ಅವರದ್ದು ಇವತ್ತು ಗೊತ್ತಾಯ್ತು.”

“ಹಾಗನ್ನಬೇಡಮ್ಮ. ನಿನ್ನ ಮೇಲೆ ಜೀವ ಇಟ್ಕೊಂಡಿದ್ದ. ದಿನಾ ನಿನ್ನದೇ ಮಾತು.” ಭಾವ ಸಮಾಧಾನ ಹೇಳಲು ಮುಂದಕ್ಕೆ ಬಗ್ಗಿದ. “ಡಿಪೋಗೆ ಹೋಗ್ತಾ ಈ ಹಂಪ್ ಬಂದಾಗಲೆಲ್ಲ ‘ಇಲ್ಲಿ ಅವಳು ಇಳೀತಾಳೆ’ ಅಂತಿದ್ದ. ‘ಸೀರೆ ಎತ್ತಿ ಹಿಡ್ಕೊಂಡು, ಕೊಕ್ಕರೆ ಹಾಗೆ ಕಾಲಿಡ್ತಾಳೆ’ ಅಂತ ನಗ್ತಿದ್ದ. ಇಬ್ರೂ ನಗ್ತಿದ್ವಿ.”

ಮೆಕ್ಯಾನಿಕ್ ಕನ್ನಡಿಯಲ್ಲಿ ಭಾವನ ಕಡೆ ನೋಡಿ ತಕ್ಷಣ ಕಣ್ಣು ಕೆಳಗಿಳಿಸಿದ. ಹೇಳಿದವನಿಗೆ ತಾನೇನು ಹೇಳಿದೆನೆಂದು ಗೊತ್ತಾಗಿರಲಿಲ್ಲ.

ಹಂಪ್ ಬಂತು. ವ್ಯಾನು ದಡಬಡ ಎಂದು ಅದನ್ನು ದಾಟಿತು. ಆಕೆಯ ಕೈ ತಾನಾಗೇ ಬಾಗಿಲಿನ ಹಿಡಿಗೆ ಹೋಯಿತು.

“ಕೂತ್ಕೊಳ್ಳಿ ಅಕ್ಕ,” ಎಂದ ಮೆಕ್ಯಾನಿಕ್. “ಇನ್ನು ತಾಗಲ್ಲ. ನೀವು ಇಳಿಯೋದೇ ಬೇಡ.”

“ನಿಲ್ಲಿಸು.”

“ಅಕ್ಕ, ಎಷ್ಟು ಭಾರ ಇದ್ರೂ...”

“ನಿಲ್ಲಿಸು ಅಂದ್ನಲ್ಲ.”

ಕಾರು ನಿಂತಿತು. ಆಕೆ ಇಳಿದು ಬಾಗಿಲು ಹಾಕಿದಳು. ಕಾರು ಅಡ್ಡಡ್ಡವಾಗಲಿಲ್ಲ, ತೆವಳಲಿಲ್ಲ. ನೇರವಾಗಿ, ಒಂದಿಷ್ಟೂ ಸದ್ದಿಲ್ಲದೆ, ಹಿಂದಿನ ಸೀಟಿನ ಎಡಗಡೆ ಭಾವನನ್ನು ಕೂರಿಸಿಕೊಂಡು ಹಂಪ್ ದಾಟಿ ಆಚೆ ನಿಂತಿತು. ಮೆಕ್ಯಾನಿಕ್ ಬಗ್ಗಿ ಮುಂದಿನ ಬಾಗಿಲು ತೆರೆದು ಹಿಡಿದ, ಗಂಡ ಹಿಡಿಯುತ್ತಿದ್ದ ಹಾಗೆಯೇ.

ಆಕೆ ಸೀರೆ ಎತ್ತಿ ಹಿಡಿಯಲಿಲ್ಲ. ನೆರಿಗೆ ನೆಲಕ್ಕೆ ಉಜ್ಜುತ್ತಿರಲಿ ಎಂದು ಬಿಟ್ಟು ಹಂಪ್ ಹತ್ತಿ ಇಳಿದಳು. ತೆರೆದ ಬಾಗಿಲ ಹತ್ತಿರ ಬಂದಳು, ಅದನ್ನು ದಾಟಿದಳು, ವ್ಯಾನಿನ ಹಿಂದೆ ನಡೆಯುವವರ ಕಡೆ ನಡೆದಳು. ಆಕೆಯ ಬೆನ್ನ ಹಿಂದೆ ಕಾರು, ಹಾಕಲು ಯಾರೂ ಇಲ್ಲದ ಬಾಗಿಲನ್ನು ಅಲ್ಲಾಡಿಸಿಕೊಂಡು, ನಡಿಗೆಯ ವೇಗದಲ್ಲಿ ನೆಟ್ಟಗೆ ಬರುತ್ತಿತ್ತು.