ಬೆಟ್ಟದ ಮೇಲೆ ಚೂಡಾಮಣಿ ಮೇಡಂ ರೇಡಿಯೋ

ಕೃಷ್ಣಮೂರ್ತಿಪುರಂನ ಚೂಡಾಮಣಿ ಮೇಡಂ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಹವ್ಯಾಸಕ್ಕೆಂದು ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋಗಾಗಿ ಅವರ ಮನೆ ಮಹಡಿಯ ಮೇಲೊಂದು ಉದ್ದನೆಯ ಆಂಟೆನಾ. ಪಕ್ಕದ ಮನೆ ಸರೋಜಮ್ಮನಿಗೆ ಅದನ್ನು ಕಂಡರೆ ನಗು.

“ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರಂತೆ. ಕೈಲಿ ಮೊಬೈಲ್ ಇರುವಾಗ ಈ ಹ್ಯಾಮ್ ರೇಡಿಯೋ ಯಾಕೆ ಮೇಡಂ? ನನ್ ಮಗಳು ವರ್ಷಿಣಿ ತಲೇನೂ ಕೆಡಿಸ್ಬುಟ್ಟಿದ್ದೀರಿ. ಲೈಸೆನ್ಸ್ ಪರೀಕ್ಷೆ ಬರೀತೀನಿ ಅಂತ ಕೂತವ್ಳೆ. ನಾನಂತೂ ಒಪ್ಪಲ್ಲ.”

“ಟವರ್ ಕೈಕೊಟ್ಟ ದಿನ ಗೊತ್ತಾಗುತ್ತೆ ಕಣ್ರೀ,” ಎಂದು ಮೇಡಂ ನಕ್ಕರು.

ಆಷಾಢ ಶುಕ್ರವಾರ ಬಂತು. ಚಾಮುಂಡಿ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿ ಹತ್ತುತ್ತೇನೆಂದು ಸರೋಜಮ್ಮನ ಅತ್ತೆ ಪುಟ್ಟಲಿಂಗಮ್ಮ ಹರಕೆ ಹೊತ್ತಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಏನೂ ತಿನ್ನದೆ, ಬೆಳಗ್ಗೆ ಆರಕ್ಕೇ ಹತ್ತತೊಡಗಿದರು. ಸರೋಜಮ್ಮ ತಿಂಡಿ ಡಬ್ಬಿ ಹಿಡಿದು ಬಸ್ಸಿನಲ್ಲಿ ಮೇಲೆ ಹೋಗಿ ಕಾದರು.

ಹನ್ನೊಂದಾದರೂ ಅತ್ತೆಯ ಸುಳಿವಿಲ್ಲ. ಆ ಜನಜಂಗುಳಿಯಲ್ಲಿ ಫೋನೂ ಹೋಗುತ್ತಿಲ್ಲ. ಸರೋಜಮ್ಮ ಡಬ್ಬಿ ಹಿಡಿದೇ ಜನರ ನಡುವೆ ಹುಡುಕತೊಡಗಿದರು.

ಮರದ ಕೆಳಗೆ ಚೂಡಾಮಣಿ ಮೇಡಂ ಕೈಯಲ್ಲಿ ಪುಟ್ಟ ರೇಡಿಯೋ ಸೆಟ್ ಹಿಡಿದು ಕೂತಿದ್ದರು. ಅವರ ಹ್ಯಾಮ್ ಗೆಳೆಯರು ನಡುದಾರಿಯ ನಂದಿಯ ಬಳಿ ಒಬ್ಬರು, ಬೆಟ್ಟದ ಪಾದದ ಬಳಿ ಒಬ್ಬರು ಸೇವೆಗೆ ನಿಂತಿದ್ದರು.

“ಮೇಡಂ, ನಮ್ಮತ್ತೆ ಕಾಣಿಸ್ತಾ ಇಲ್ಲ! ಹೊಟ್ಟೇಲಿ ಏನೂ ಇಲ್ಲ. ಎಲ್ಲಿ ಬಿದ್ದವ್ರೋ!”

“ಅಳಬೇಡಿ. ಯಾವ ಬಣ್ಣದ ಸೀರೆ?”

“ಹಸಿರು. ಕೈಲಿ ಹಿತ್ತಾಳೆ ಬಟ್ಟಲು.”

ಮೇಡಂ ಸೆಟ್ಟಿನಲ್ಲಿ ಹೇಳಿದರು. ನಂದಿಯ ಬಳಿಯಿಂದ ಉತ್ತರ ಬಂತು: “ಹಸಿರು ಸೀರೆ ಅಜ್ಜಿ ಒಬ್ರು ಅರ್ಧ ಗಂಟೆ ಹಿಂದೆ ಕೆಳಗೆ ಇಳಿದ್ರು. ಓವರ್.”

“ಕೆಳಗಾ? ದೇವರ ಮುಖ ನೋಡದೆ ಇಳಿಯೋರಲ್ಲ ಅವರು!”

ಅಷ್ಟರಲ್ಲಿ ಪಾದದ ಬಳಿಯಿದ್ದ ಶಿವಮಲ್ಲಪ್ಪನ ದನಿ ಕೇಳಿತು. “ಸಿಕ್ಕಿದ್ರು ಮೇಡಂ. ಕುಂಕುಮದ ಅಂಗಡಿ ಮುಂದೆ ತಲೆ ಸುತ್ತಿ ಕೂತಿದ್ರು. ಮೈಯಲ್ಲಿ ಸಕ್ಕರೆ ಇಳಿದುಬುಟ್ಟಿತ್ತಂತೆ, ಇಲ್ಲಿ ಸೇವೇಲಿರೋ ನರ್ಸಮ್ಮ ಸಕ್ಕರೆ ನೀರು ಕುಡಿಸಿದ್ರು. ಈಗ ಚೆನ್ನಾಗವ್ರೆ. ಕುಂಕುಮ ಮುಗಿದೋಯ್ತಂತೆ, ಕೊಳ್ಳಕ್ಕೆ ಇಳಿದು ಬಂದವ್ರೆ. ‘ಮೆಟ್ಟಿಲು ಬುಟ್ಟು ಹತ್ತಕ್ಕಾಯ್ತದಾ’ ಅಂತ ನನ್ನೇ ಕೇಳ್ತಾವ್ರೆ. ಓವರ್!”

ಸರೋಜಮ್ಮ ನಗುತ್ತಲೇ ಅತ್ತುಬಿಟ್ಟರು. ಹೋದ ಜೀವ ಬಂದಂತಾಯಿತು. “ಎರಡು ಬಟ್ಟಲು ತುಂಬಾ ತಗೊಂಡೋಗಿ ಅಂದೆ, ಕೇಳಿದ್ರಾ! ಅಲ್ಲೇ ಕೂರ್ಸಿ ಅನ್ನಿ ಮೇಡಂ, ಬಂದ್ಬುಟ್ಟೆ.” ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತರು. “ಇಷ್ಟು ಪುಟ್ಟ ಡಬ್ಬಿ ಅಷ್ಟು ದೂರ ಎಂಗೆ ಕೇಳಿಸ್ತು?”

“ಟವರ್ ಬೇಕೇ ಇಲ್ಲ ಕಣಮ್ಮ, ನೇರ ಸೆಟ್ಟಿಂದ ಸೆಟ್ಟಿಗೆ. ಎತ್ತರದಲ್ಲಿ ಅಡ್ಡ ಏನೂ ಇರಲ್ಲ, ದನಿ ದೂರ ಹೋಗುತ್ತೆ. ಅದಕ್ಕೇ ಬಸ್ ಹತ್ತಿ ಬಂದು ಇಲ್ಲಿ ಕೂರೋದು.”

“ವರ್ಷಿಣಿ ಪರೀಕ್ಷೆ ಬರೀಲಿ ಮೇಡಂ. ನಂಗೂ ಒಂದು ಅರ್ಜಿ ಕೊಡ್ಸಿ.”

ಮುಂದಿನ ಶುಕ್ರವಾರ ಪುಟ್ಟಲಿಂಗಮ್ಮ ಇಡ್ಲಿ ತಿಂದು, ಮೊದಲ ಮೆಟ್ಟಿಲಿನಿಂದ ಮತ್ತೆ ಶುರು ಮಾಡಿದರು. ಸೊಸೆ ಹಿಂದೆಯೇ ಕುಂಕುಮದ ಚೀಲ ಹೊತ್ತಿದ್ದರು.

ಅಕ್ಕಂದಿರೇ, ಅಣ್ಣಂದಿರೇ, ಮೊಬೈಲ್ ಕೈಕೊಟ್ಟಾಗ ನಿಮ್ಮವರನ್ನು ಹುಡುಕಿಕೊಡುವವರು ಯಾರು? ಹ್ಯಾಮ್ ರೇಡಿಯೋ ಕಲಿಯಿರಿ. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದ ಮೇಲೆಯೇ ಸೆಟ್ಟಿನಲ್ಲಿ ಮಾತಾಡಿ. ಹತ್ತಿರದ ಬೆಟ್ಟವೊಂದನ್ನು ಹತ್ತಿ, ಒಮ್ಮೆ ಕರೆದು ನೋಡಿ. ಓಗೊಡುವವರು ಇದ್ದೇ ಇರುತ್ತಾರೆ.