ಮಾಸ್ತರ ಅಂಗಡಿಯ ಗಡಿಯಾರ

“ನಿಮ್ಮ ಯಜಮಾನರು ಕೊನೇ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ? ನಿಧಾನವಾಗಿ ಯೋಚ್ನೆ ಮಾಡಿ ಹೇಳಿ, ಅಮ್ಮ,” ಎಂದು ಡಾಕ್ಟರು ಮಾಸ್ಕಿನೊಳಗಿಂದಲೇ ಕೇಳಿದರು.

“ಹನ್ನೊಂದೂವರೆಗೆ. ಆಗ್ಲೇ ಇವರ ಕೈಯಿಂದ ಕತ್ತರಿ ಜಾರಿ ಬಿದ್ದಿದ್ದು. ನಾನೇ ಗಡಿಯಾರ ನೋಡಿದೀನಿ.”

ಡಾಕ್ಟರು ಕೈಗಡಿಯಾರ ನೋಡಿಕೊಂಡರು. ನಾಲ್ಕೂಕಾಲು. ಮೆದುಳಿನ ನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ನನ್ನು ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. “ಕಾಲು ಗಂಟೆ ಮೀರಿಹೋಯ್ತು,” ಎಂದರು. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು.

ಹೆಂಡತಿ ಬೆಂಚಿನ ಮೇಲೆ ಕುಸಿದಳು. ತಪ್ಪೆಲ್ಲ ತನ್ನದೇ ಅನಿಸಿತು. ಟೈಲರ್ ಮಾಸ್ತರಿಗೆ ಮೂರು ದಿನದಿಂದ ಜ್ವರ, ಕೆಮ್ಮು. ಮನೆಯಲ್ಲಿ ಬಿದ್ದುಕೊಳ್ಳಿ ಅಂದರೆ ಕೇಳುವ ಜಾತಿಯೇ ಅಲ್ಲ. ಕತ್ತರಿ ಬಿದ್ದಾಗ ಜ್ವರದ ಸುಸ್ತು ಎಂದುಕೊಂಡು, ಬಟ್ಟೆಗಂಟಿನ ಮೇಲೆ ತಲೆಯಿಡಿಸಿ ಮಲಗಿಸಿದ್ದಳು. ಊಟಕ್ಕೆ ಎಬ್ಬಿಸಿದಾಗ ಬಾಯಿ ಸೊಟ್ಟಗಾಗಿತ್ತು, ಬಲಗೈ ಏಳುತ್ತಿರಲಿಲ್ಲ, ಮಾತು ನಿಂತಿತ್ತು. ಆಸ್ಪತ್ರೆಗೆ ಬಂದರೆ ಮೊದಲು ಮೂಗಿಗೆ ಕಡ್ಡಿ ಹಾಕಿ ವೈರಸ್ ಇದೆ ಎಂದರು, ಆಮೇಲೆ ತಲೆಯ ಸ್ಕ್ಯಾನ್.

ಎದುರಿನ ಗೋಡೆಯ ಗಡಿಯಾರವೂ ನಾಲ್ಕೂಕಾಲನ್ನೇ ತೋರಿಸುತ್ತಿತ್ತು. ಡಾಕ್ಟರದೂ ಗೋಡೆಯದೂ ಒಂದೇ ಸಮಯ! ಅವಳು ದಡಬಡಿಸಿ ಎದ್ದಳು.

“ಮೇಡಂ, ನಿಲ್ಲಿ! ಹನ್ನೊಂದೂವರೆ ಅಲ್ಲ, ಹನ್ನೆರಡೂಕಾಲು! ನಮ್ಮ ಅಂಗಡಿ ಗಡಿಯಾರ ಮುಕ್ಕಾಲು ಗಂಟೆ ಹಿಂದೆ.”

“ಕೆಟ್ಟಿದೆಯಾ?”

“ಕೆಟ್ಟಿಲ್ಲ, ಇವರೇ ಹಿಂದೆ ಇಟ್ಟಿರೋದು.” ಇಪ್ಪತ್ತಾರು ವರ್ಷ ಕಾಪಾಡಿದ ಗುಟ್ಟನ್ನು ಹೇಳುವಾಗ ಅವಳ ಮುಖ ಕೆಂಪಾಯಿತು. ಹೇಳಿದ ಹೊತ್ತಿಗೆ ಬಟ್ಟೆ ಕೊಟ್ಟ ಇತಿಹಾಸವೇ ಮಾಸ್ತರಿಗಿಲ್ಲ. ಬೀದಿಯವರು ಇಟ್ಟ ಹೆಸರು ‘ನಾಳೆ ಮಾಸ್ತರು’. ಗಿರಾಕಿ ಬಂದು ಜಗಳ ತೆಗೆದರೆ ಅಂಗಡಿಯ ಗಡಿಯಾರದತ್ತ ಕೈತೋರಿಸಿಬಿಡುವುದು. ಇವತ್ತೂ ಅಷ್ಟೇ, ಹನ್ನೆರಡಕ್ಕೆ ಕೋಟು ಕೊಡಬೇಕಿದ್ದ ಗಿರಾಕಿಗೆ, “ಇನ್ನೂ ಹನ್ನೊಂದೂವರೆ ಸ್ವಾಮಿ, ಕೂತ್ಕೊಳ್ಳಿ,” ಅನ್ನುತ್ತಿದ್ದಾಗಲೇ ಕತ್ತರಿ ಜಾರಿದ್ದು. ಯಾರು ಹೊತ್ತು ಕೇಳಿದರೂ ಅಂಗಡಿಯ ಹೊತ್ತನ್ನೇ ಹೇಳಿ ಹೇಳಿ ಅವಳ ನಾಲಿಗೆಗೂ ಅದೇ ರೂಢಿಯಾಗಿತ್ತು.

ಡಾಕ್ಟರಿಗೆ ನಂಬಿಕೆ ಬರಲಿಲ್ಲ. ಗಂಡನನ್ನು ಉಳಿಸಿಕೊಳ್ಳಲು ಯಾರು ತಾನೆ ಸುಳ್ಳು ಹೇಳುವುದಿಲ್ಲ? “ತಪ್ಪು ಲೆಕ್ಕದಲ್ಲಿ ಕೊಟ್ರೆ ತಲೆಯೊಳಗೆ ರಕ್ತ ಸೋರಿ ಜೀವಕ್ಕೇ ಅಪಾಯ, ಅಮ್ಮ.” ಅವಳು ತಮ್ಮ ಅಂಗಡಿ ಪಕ್ಕದ ಪುಸ್ತಕ ಬೈಂಡಿಂಗ್ ಅಂಗಡಿಯವನಿಗೆ ಫೋನ್ ಹಚ್ಚಿ ಡಾಕ್ಟರ ಮುಂದೆ ಹಿಡಿದಳು.

“ಮಾಸ್ತರ ಗಡಿಯಾರಾನಾ? ಮುಕ್ಕಾಲು ಗಂಟೆ ಹಿಂದೆ,” ಎಂದಿತು ಆ ಕಡೆಯ ದನಿ. “ಇಡೀ ಬೀದಿಗೇ ಗೊತ್ತು. ಪಾಪ, ಅಕ್ಕ ಅದನ್ನ ಗುಟ್ಟು ಅಂದ್ಕೊಂಡಿದಾರೆ. ಕೋಟಿನ ಗಿರಾಕಿ ಹನ್ನೆರಡರಿಂದ ನನ್ ಅಂಗಡೀಲೇ ಕಾದು, ಕಾಲು ಗಂಟೆ ಬಿಟ್ಟು ಅಲ್ಲಿಗೆ ಜಗಳಕ್ಕೆ ಹೋದ. ಯಾಕೆ, ಮಾಸ್ತರು ಹೇಗಿದಾರೆ?”

ಅಷ್ಟರಲ್ಲಿ ಡಾಕ್ಟರು ಒಳಗೆ ಓಡಿದ್ದರು.

ಇಂಜೆಕ್ಷನ್ ಆದ ಮೇಲೂ ಅವರು ಭರವಸೆ ಕೊಡಲಿಲ್ಲ. ಈ ಸೋಂಕು ಇದ್ದವರು ಅದೇ ಔಷಧಿ ಕೊಟ್ಟರೂ ಉಳಿದವರಷ್ಟು ಚೇತರಿಸಿಕೊಳ್ಳದೆ ಇರಬಹುದು, ಮಾತೂ ಬಲಗೈಯೂ ಎಷ್ಟು ವಾಪಸಾಗುತ್ತವೋ ಕಾದು ನೋಡಬೇಕು ಎಂದರು. ಬಲಗೈ ಇಲ್ಲದ ಮಾಸ್ತರನ್ನು ಅವಳಿಗೆ ಊಹಿಸಿಕೊಳ್ಳಲೂ ಆಗಲಿಲ್ಲ. ವಾರ್ಡಿನೊಳಗೆ ಬಿಡುತ್ತಿರಲಿಲ್ಲ, ದಿನವೂ ಗಾಜಿನಾಚೆ ನಿಂತು, “ರೀ, ನನ್ ಕಡೆ ನೋಡ್ರೀ,” ಅನ್ನುತ್ತಿದ್ದಳು. ಮಾಸ್ತರು ನೋಡುತ್ತಿದ್ದರು. ಅಷ್ಟೇ.

ಐದನೆಯ ದಿನ ಡಾಕ್ಟರು ಬಾಗಿಲು ಅರೆತೆರೆದೇ ಬಿಟ್ಟು, ಹಾಸಿಗೆಯ ಮೇಲೆ ಬಗ್ಗಿ ತಮಾಷೆಗೆ ಕೇಳಿದರು: “ಏನು ಮಾಸ್ತರೇ, ಬಲಗೈ ಯಾವಾಗ ಎತ್ತಿ ತೋರಿಸ್ತೀರಿ?”

ಮಾಸ್ತರ ತುಟಿ ಅಲುಗಿತು, ನಾಲಿಗೆ ಹೊರಳಿತು. “ನಾ…ಳೆ.”

ಗಾಜಿನಾಚೆ ಹೆಂಡತಿ ಕಿಸಕ್ಕನೆ ನಕ್ಕಳು. ನಗುತ್ತಿದ್ದಂತೆಯೇ ಅಳು ಒತ್ತರಿಸಿ ಬಂತು. ಆ ಮಾತಿಗೆ ಇಪ್ಪತ್ತಾರು ವರ್ಷ ಹಲ್ಲು ಕಡಿದವಳಿಗೆ ಅವತ್ತು ಅದಕ್ಕಿಂತ ಒಳ್ಳೆಯ ಮಾತು ಬೇರೊಂದಿರಲಿಲ್ಲ.

ಮರುದಿನ ಕೈ ಏಳಲಿಲ್ಲ. ಅದರ ಮರುದಿನವೂ ಇಲ್ಲ. ಡಾಕ್ಟರು ಸಪ್ಪಗಾದಾಗ ಅವಳೇ ಸಮಾಧಾನ ಹೇಳಿದಳು: “ಇವರ ನಾಳೆ ಅಂದ್ರೆ ಒಂದು ವಾರ, ಮೇಡಂ. ನನಗೆ ಗೊತ್ತಿಲ್ವಾ?”

ಹನ್ನೆರಡನೆಯ ದಿನ ಮಧ್ಯಾಹ್ನ ಅವಳು ಗಾಜಿನ ಬಳಿ ಬಂದಾಗ ಮಾಸ್ತರು ಅವಳತ್ತ ನೋಡುತ್ತಿರಲಿಲ್ಲ. ಬಲಗೈಯ ಎರಡು ಬೆರಳು ಆಸ್ಪತ್ರೆಯ ಹೊದಿಕೆಯ ಅಂಚನ್ನು ಹಿಡಿದು, ಮೆಲ್ಲಗೆ, ಬಹಳ ಮೆಲ್ಲಗೆ ಮಗುಚುತ್ತಿದ್ದವು. ಒಳಗಿನ ಸೊಟ್ಟ ಹೊಲಿಗೆ ಕಂಡದ್ದೇ ಅವರು ಮುಖ ಸಿಂಡರಿಸಿದರು.