ನಾಲ್ಕನೆಯ ಚಿತ್ರ

ಅಮ್ಮ ತೀರಿಕೊಂಡ ತೊಂಬತ್ತಾರನೆಯ ದಿನ ಥಾಮ್ ಇಂಗ್ಲಿಷ್ ಪರೀಕ್ಷೆಗೆ ಕೂತಳು. ಇಪ್ಪತ್ತೆರಡು ವರ್ಷದಿಂದ ಊರಿನ ಮಕ್ಕಳಿಗೆಲ್ಲ ಇಂಗ್ಲಿಷ್ ಕಲಿಸುತ್ತಿದ್ದ ಟೀಚರಿಗೆ ಇಂಗ್ಲಿಷ್ ಬರುತ್ತದೋ ಇಲ್ಲವೋ ಎಂದು ಇಲಾಖೆಗೆ ಈಗ ಅನುಮಾನ ಹುಟ್ಟಿತ್ತು. ಯಾವ ಭಾಗದಲ್ಲೂ ಒಂಬತ್ತಕ್ಕೆ ಐದೂವರೆಗಿಂತ ಕಡಿಮೆ ಬರಕೂಡದು. ಬಂತೋ, ಪಾಠ ಬಿಟ್ಟು ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕದ ಧೂಳು ಕೊಡವುತ್ತಾ ಕೂರಬೇಕು. ಬರವಣಿಗೆಯಲ್ಲಿ ಅವಳು ಆಗಲೇ ಎರಡು ಸಲ ಐದಕ್ಕೆ ಬಂದು ನಿಂತಿದ್ದಳು. ಇಲಾಖೆ ಕೊಟ್ಟಿದ್ದು ಮೂರು ಅವಕಾಶ.

ನಾಮ್ ದಿನ್ ಪಟ್ಟಣದಲ್ಲಿ ಅವಳಿಗೆ ಪರೀಕ್ಷೆಯ ತಯಾರಿ ಮಾಡಿಸುತ್ತಿದ್ದವನು ಕಿಯೆನ್. ಅವಳ ಹಳೆಯ ವಿದ್ಯಾರ್ಥಿಯೇ. ಕಾಲ ಹೇಗೆ ಬಂತು ನೋಡಿ.

"ಮಿಸ್, ಬರವಣಿಗೆಗೆ ಹಂತಹಂತದ ಚಿತ್ರ ಕೊಟ್ರೆ ಮೊದ್ಲು ಬಾಣ ಎಣಿಸ್ಬೇಕು, ಆಮೇಲೆ ಪೆನ್ನು. ನಿಮಗೆ ಗೊತ್ತಿರೋದು ಬೇಡ. ಅಲ್ಲಿ ಕಾಣೋದನ್ನ ಬರೀರಿ, ಅಷ್ಟೇ."

"ಲೋ, ಎಂಟನೇ ಕ್ಲಾಸಲ್ಲಿ ನಿಂಗೆ ವಾರದ ದಿನಗಳನ್ನೇ ಎಣಿಸೋಕೆ ಬರ್ತಿರ್ಲಿಲ್ಲ."

"ಅದಕ್ಕೇ ಮಿಸ್, ಈಗ ಎಲ್ಲಾನೂ ಎಣಿಸ್ತೀನಿ."

ಥಾಮ್ ನಕ್ಕಳು. ನಗುವುದು, ಉಣ್ಣುವುದು, ಪಾಠ ಮಾಡುವುದು ಎಲ್ಲ ನಡೆದೇ ಇತ್ತು. ಅಳು ಮಾತ್ರ ಬಂದಿರಲಿಲ್ಲ. ಹೆಣ ಎತ್ತುವಾಗಲೂ ಇಲ್ಲ, ನಲವತ್ತೊಂಬತ್ತನೆಯ ದಿನದ ಪೂಜೆಗೂ ಇಲ್ಲ. ಅಮ್ಮನ ತಂಗಿ ಸೆನ್ ಚಿಕ್ಕಮ್ಮ ಊರಿಗೆಲ್ಲ ಕೇಳುವಂತೆಯೇ ಅಂದಿದ್ದಳು: "ಹೊಟ್ಟೇಲಿ ಹುಟ್ಟಿದ ಮಗಳಿದ್ದೂ ಬಾಡಿಗೆಗೆ ಅಳೋರನ್ನ ಕರೆಸೋ ಹಾಗಾಯ್ತಲ್ಲೇ!"

ಥಾಮ್‌ಗೆ ಸಿಟ್ಟೂ ಬರಲಿಲ್ಲ. ಅಮ್ಮನದು ನೂಲು ಬಿಚ್ಚುವ ಕೈ. ನಲವತ್ತು ವರ್ಷ ಕುದಿಯುವ ನೀರಲ್ಲಿ ಬೆರಳಾಡಿಸಿ ರೇಷ್ಮೆಗೂಡಿನ ಎಳೆ ಹುಡುಕಿದ್ದಕ್ಕೆ ತುದಿಗಳು ಜಡವಾಗಿದ್ದವು. ಆಸ್ಪತ್ರೆಯಲ್ಲಿ ನರ್ಸು ರಕ್ತಕ್ಕೆಂದು ಬೆರಳು ಚುಚ್ಚಿದ ಮೇಲೂ ಅಮ್ಮ "ಯಾವಾಗ ಚುಚ್ತೀಯವ್ವಾ?" ಎಂದು ಕೇಳಿದ್ದಳು. ಆ ಜಡವೇ ಈಗ ತನ್ನ ಎದೆಗೆ ಬಂದು ಕೂತಿದೆ ಎಂದು ಥಾಮ್‌ಗೆ ಅನ್ನಿಸುತ್ತಿತ್ತು. ಚುಚ್ಚಿದರೂ ತಿಳಿಯದು.

ಪರೀಕ್ಷೆಯಲ್ಲಿ ಬರವಣಿಗೆಯ ಹಾಳೆ ತಿರುವಿದರೆ ಗ್ರಾಫಿನ ಏರುವ ಗೆರೆಯೂ ಇಲ್ಲ, ಇಳಿಯುವ ಗೆರೆಯೂ ಇಲ್ಲ. ರೇಷ್ಮೆಹುಳು! ಮೊಟ್ಟೆ, ಸೊಪ್ಪು ಮೇಯುವ ಹುಳು, ಗೂಡು. ಬೇರೆ ಯಾರಾದರೂ ಆಗಿದ್ದರೆ ಕೂತಲ್ಲೇ ಕುಣಿಯುತ್ತಿದ್ದರು. ಅವಳಿಗೆ ಏನೂ ಅನ್ನಿಸಲಿಲ್ಲ. ಕೈ ತಾನಾಗಿ ಬರೆಯಿತು. ಹುಳು ಎಷ್ಟು ಸಲ ನಿದ್ದೆ ಹೋಗುತ್ತದೆ, ಯಾವಾಗ ಹೊಟ್ಟೆಬಾಕನಂತೆ ಮೇಯುತ್ತದೆ, ಗೂಡು ಕಟ್ಟಲು ಹಣ್ಣಾದಾಗ ಮೈ ಹೇಗೆ ತಿಳಿಯಾಗುತ್ತದೆ, ಗೂಡಾದ ಮೇಲೆ ಕುದಿನೀರಿಗೆ ಹೇಗೆ ಹಾಕುತ್ತಾರೆ. ಒಂದು ಪದವನ್ನೂ ಹೊಡೆದುಹಾಕಲಿಲ್ಲ. ಆರು ನಿಮಿಷ ಮೊದಲೇ ಮುಗಿಸಿ, ಕಿಟಕಿಯಾಚೆ ಸ್ಕೂಟರುಗಳನ್ನು ನೋಡುತ್ತಾ ಕೂತಳು.

ನೂರನೆಯ ದಿನ ಬಂತು. ಅಳು ನಿಲ್ಲಿಸುವ ಪೂಜೆ. ಇವತ್ತು ಧೂಪ ಹಚ್ಚಿ ಊಟವಿಟ್ಟ ಮೇಲೆ ಮನೆಯವರು ಸತ್ತವರಿಗಾಗಿ ಅಳಬಾರದು. ಥಾಮ್ ಒಲೆಯ ಮುಂದೆ ನಿಂತು ಅಮ್ಮನಿಗೆ ಇಷ್ಟವಾದದ್ದನ್ನೇ ಹುರಿಯುತ್ತಿದ್ದಳು: ಗೂಡಿನೊಳಗಿನ ಹುಳು, ಮೇಲಿಂದ ಸಣ್ಣಗೆ ಹೆಚ್ಚಿದ ನಿಂಬೆ ಎಲೆ. ಪಕ್ಕದಲ್ಲಿ ಸೆನ್ ಚಿಕ್ಕಮ್ಮ ಅಂಟಕ್ಕಿ ಅನ್ನ ತಟ್ಟೆಗೆ ಬಡಿಸುತ್ತಾ, "ಶುರುವೇ ಮಾಡದೋಳು ಇವತ್ತು ಏನು ನಿಲ್ಲಿಸ್ತಾಳೋ," ಎಂದು ಗೊಣಗುತ್ತಿದ್ದಳು.

ಕಿಯೆನ್ ಧೂಪದ ಕಟ್ಟು, ಕಿತ್ತಳೆಹಣ್ಣು ಹಿಡಿದು ಬಂದ. ಅಮ್ಮನ ಫೋಟೋಗೆ ಕೈಮುಗಿದು ನೇರ ಅಡುಗೆಮನೆಗೇ ಬಂದ.

"ಮಿಸ್, ಅವತ್ತು ನನ್ನ ಹತ್ರ ಕಲಿಯೋ ಇನ್ನಿಬ್ರೂ ಪರೀಕ್ಷೆ ಬರೆದ್ರು. ರೇಷ್ಮೆಹುಳ ಬಂದಿತ್ತಂತಲ್ಲ! ಕೇಳಿ ನಾನೇ ಕುಣಿದುಬಿಟ್ಟೆ. ಚಿಟ್ಟೆ ಬಗ್ಗೆ ಹೇಗೆ ಬರೆದ್ರಿ?"

"ಯಾವ ಚಿಟ್ಟೆ?"

"ನಾಲ್ಕನೇ ಚಿತ್ರ ಮಿಸ್. ಗೂಡು ತೂತು ಮಾಡ್ಕೊಂಡು ಚಿಟ್ಟೆ ಹೊರಗೆ ಬರೋದು. ಅಲ್ಲಿಂದ ಬಾಣ ಮತ್ತೆ ಮೊಟ್ಟೆಗೆ." ಅವನ ದನಿ ಇಳಿಯಿತು. "ಗೂಡಾದ್ಮೇಲೆ ನೀವು ಏನು ಬರೆದ್ರಿ?"

"ಕುದಿಯೋ ನೀರಿಗೆ ಹಾಕ್ತಾರೆ ಅಂತ."

"ನೀರು ಎಲ್ಲಿತ್ತು ಮಿಸ್, ಚಿತ್ರದಲ್ಲಿ?"

ಇರಲಿಲ್ಲ. ನೀರೂ ಇರಲಿಲ್ಲ, ಮಡಕೆಯೂ ಇರಲಿಲ್ಲ. ನಾಲ್ಕನೆಯ ಚಿತ್ರ ಅವಳ ಕಣ್ಣೆದುರಿಗೇ ಇತ್ತು, ಅವಳು ನೋಡಲಿಲ್ಲ. ಅವರ ಮನೆಯಲ್ಲಿ ಯಾವ ಗೂಡೂ ಚಿಟ್ಟೆಯಾಗುವತನಕ ಉಳಿದದ್ದಿಲ್ಲ. ತೂತು ಬಿದ್ದ ಗೂಡಿನ ನೂಲು ಯಾರಿಗೆ ಬೇಕು? ಪರೀಕ್ಷೆಯ ಹಾಳೆಯ ಮೇಲಿದ್ದದ್ದನ್ನೂ ಅವಳು ಬೇಯಿಸಿ ಮುಗಿಸಿದ್ದಳು.

"ಐದೇ ಬರೋದು, ಅಲ್ವೇನೋ?"

ಕಿಯೆನ್ ಕಿತ್ತಳೆಯ ಚೀಲದ ಗಂಟು ನೋಡುತ್ತಾ ನಿಂತ. "ಕಾಲು ಭಾಗ ಹೋಯ್ತಲ್ಲ ಮಿಸ್. ಹೌದು, ಐದೇ."

ಗ್ರಂಥಾಲಯ, ಧೂಳು. ಆಗಲಿ, ಎಂದುಕೊಂಡಳು. ಅದಕ್ಕೂ ಏನೂ ಅನ್ನಿಸಲಿಲ್ಲ. ಸೌಟು ಆಡಿಸುತ್ತಲೇ ಇದ್ದಳು.

ಆಗ ನೆನಪಾಯಿತು, ಒಂದು ಉಳಿದಿತ್ತು. ಅವಳಿಗೆ ಏಳು ವರ್ಷವಿದ್ದಾಗ ಒಂದು ಗೂಡು ಕದ್ದು ಪೆನ್ಸಿಲ್ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು. ಅಮ್ಮ ಡಬ್ಬಿ ತೆರೆದಾಗ ಒಳಗೆ ಬಿಳಿ ಚಿಟ್ಟೆ. ಬೆನ್ನಿಗೆ ಏಟು ಬಿತ್ತೆಂದೇ ಅವಳು ಕಣ್ಣು ಮುಚ್ಚಿದಳು. ಅಮ್ಮ ಹೊಡೆಯಲಿಲ್ಲ. ಚಿಟ್ಟೆಯನ್ನು ಬೆರಳ ತುದಿಗೆ ಹತ್ತಿಸಿಕೊಂಡು, ದೀಪವಿಲ್ಲದ ಆ ಮೂಲೆಯಲ್ಲಿ ಕಣ್ಣು ಕಿರಿದು ಮಾಡಿ ಕೇಳಿದ್ದಳು: "ನಡೀತಿದೆಯೇನೇ? ನಂಗೆ ಗೊತ್ತಾಗ್ತಿಲ್ಲ. ನೋಡಿ ಹೇಳು ಮಗಳೇ, ಏನು ಮಾಡ್ತಿದೆ?"

ಏಳು ವರ್ಷದ ಹುಡುಗಿ ಒಂದೊಂದನ್ನೂ ಹೇಳಿದ್ದಳು. ಈಗ ಉಗುರಿನ ಹತ್ರ ಇದೆ ಅಮ್ಮ. ಈಗ ರೆಕ್ಕೆ ಅಲ್ಲಾಡಿಸ್ತು. ಈಗ ನಿಂತಿದೆ. ಅಮ್ಮ ಕೇಳುತ್ತಾ ಕೇಳುತ್ತಾ ನಕ್ಕಿದ್ದಳು.

ಸೌಟು ಬಾಣಲೆಗೆ ಬಿತ್ತು. ಥಾಮ್ ಒಲೆಯ ಮುಂದೆಯೇ ಕುಸಿದು ಕೂತು ಅತ್ತಳು. ನೂರು ದಿನದ್ದೆಲ್ಲ ಒಟ್ಟಿಗೇ ಬಂತು. ಹುಳುಗಳು ಸೀದವು, ನಿಂಬೆ ಎಲೆ ಕರಕಲಾಯಿತು. ಕಿಯೆನ್ ಓಡಿಬಂದು ಒಲೆ ಆರಿಸಿದ.

"ಅಯ್ಯೋ, ಇವತ್ತು ಅಳು ನಿಲ್ಲಿಸೋ ದಿನ ಕಣೇ!" ಎಂದು ಸೆನ್ ಚಿಕ್ಕಮ್ಮ ಅನ್ನದ ತಟ್ಟೆ ಬಿಟ್ಟು ಎದ್ದಳು. ಹತ್ತಿರ ಬಂದವಳು ಅವಳ ಮುಖ ನೋಡಿ, ಪಕ್ಕದಲ್ಲೇ ನೆಲಕ್ಕೆ ಕೂತು ತಲೆಯನ್ನು ಮಡಿಲಿಗೆಳೆದುಕೊಂಡಳು. "ಧೂಪ ಇನ್ನೂ ಹಚ್ಚಿಲ್ಲ," ಎಂದಳು. "ಆಮೇಲೆ ಹಚ್ಚೋಣ."